ಬಸವಂತಪ್ಪ ಕಾಕಾ ತಂದ ಬಿಳಿ ಹೂವು

ಬಸವಂತಪ್ಪ ಕಾಕಾ ಮನುಷ್ಯರನ್ನೆಲ್ಲ ಏಕವಚನದಲ್ಲಿ ಮಾತಾಡಿಸುತ್ತಿದ್ದರು, ಬೆಕ್ಕನ್ನು ಮಾತ್ರ ಬಹುವಚನದಲ್ಲಿ. ಮಗಳು, ಪಕ್ಕದ ಮನೆಯ ಸರ್ದಾರ್ಜಿ, ಮಗಳ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದ ನಾನು, ಎಲ್ಲರಿಗೂ ‘ಬಾ, ಹೋಗು’. ಬೂದುಬಣ್ಣದ ಆ ದಪ್ಪ ಬೆಕ್ಕು ಸೋಫಾದಿಂದ ಇಳಿದು ಬಂದರೆ ಮಾತ್ರ, "ಬರ್ರಿ ಸಾಹೇಬ್ರ, ನಿದ್ದಿ ಆತ್ರೀ?" ಮೊಮ್ಮಗಳು ನಿಶಾ ಅದಕ್ಕೆ ಸ್ಮೋಕಿ ಎಂದು ಹೆಸರಿಟ್ಟಿದ್ದಳು. ಕಾಕಾ ಒಮ್ಮೆಯೂ ಆ ಹೆಸರಿನಿಂದ ಕರೆಯಲಿಲ್ಲ. "ಸಾಹೇಬ್ರನ್ನ ಹೆಸರು ಹಿಡದು ಕರಿಯಾಕ ಬರತೈತೇನ?" ಎನ್ನುತ್ತಿದ್ದರು.

ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಗದಗ, ಬಾಗಲಕೋಟೆ ಎಂದು ಕೂಗಿ ಕೂಗಿ ಅವರ ಗಂಟಲು ಮೆತ್ತಗೆ ಮಾತಾಡುವುದನ್ನೇ ಮರೆತಿತ್ತು. ಹೆಂಡತಿ ತೀರಿಕೊಂಡ ಮೇಲೆ ಮಗಳು ಸುಜಾತಕ್ಕ ಕಡಲಾಚೆಯ ಸ್ಟ್ರೀಟ್ಸ್‌ವಿಲ್ಲಿನ ತಮ್ಮ ಮನೆಗೆ ಕರೆಸಿಕೊಂಡಿದ್ದರು. ಆಕೆ ಬೆಳಿಗ್ಗೆಯೇ ದೂರದ ಮಾರ್ಕಮ್ಮಿನಲ್ಲಿದ್ದ ಆಫೀಸಿಗೆ ಹೊರಡುತ್ತಿದ್ದರು, ನಿಶಾ ಹೈಸ್ಕೂಲಿಗೆ. ನಾನು ಕಾಲೇಜು ಓದುತ್ತ, ಸಂಜೆ ಹತ್ತಿರದ ದಿನಸಿ ಅಂಗಡಿಯಲ್ಲಿ ಕ್ಯಾಶ್ ಕೌಂಟರಿನಲ್ಲಿ ನಿಲ್ಲುತ್ತಿದ್ದೆ. ಹಗಲೆಲ್ಲ ಮನೆಯಲ್ಲಿ ಉಳಿಯುತ್ತಿದ್ದವರು ಕಾಕಾ ಮತ್ತು ಸಾಹೇಬರು. ನಾನು ತುಮಕೂರಿನವಳು. ಅವರ ಮಾತು ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವರಿಗೆ ಪೂರ್ತಿ ತಿಳಿಯುತ್ತಿತ್ತು, ಆದರೆ ನಗು ಬರುತ್ತಿತ್ತು.

ಸುಜಾತಕ್ಕನಿಗೆ ಆಫೀಸಿನಲ್ಲಿ ಯಾರೋ ಪೀಸ್ ಲಿಲ್ಲಿ ಗಿಡ ಕೊಟ್ಟಿದ್ದರು. ಒಂದು ಮಧ್ಯಾಹ್ನ ಬೆಕ್ಕು ಅದರ ಎಲೆ ಕಚ್ಚಿ ಜೊಲ್ಲು ಸುರಿಸುತ್ತ ಬಾಯಿ ಉಜ್ಜಿಕೊಳ್ಳತೊಡಗಿತು. "ಏನ್ ತಿಂದ್ರಿ ಸಾಹೇಬ್ರ? ನೋಡೂಣು," ಎಂದು ಕಾಕಾ ತಾವೂ ಒಂದು ತುಂಡು ಎಲೆ ಅಗಿದರು. ನಾನು ಕಾಲೇಜಿನಿಂದ ಬಂದಾಗ ತುಟಿ ಊದಿಸಿಕೊಂಡು, ಮಜ್ಜಿಗೆ ಲೋಟ ಹಿಡಿದು, ಮಾತಿಲ್ಲದೆ ಕೂತಿದ್ದರು. ಹಸಿ ಸುವರ್ಣಗೆಡ್ಡೆ ತಿಂದರೆ ಬಾಯಿ ಕೆರೆಯುತ್ತದಲ್ಲ, ಅಂಥದೇ ಉರಿ. ಸಂಜೆಗೆ ಇಬ್ಬರೂ ಸರಿಹೋದರು. ಅಂದಿನಿಂದ ಆ ಮನೆಯಲ್ಲಿ ಲಿಲ್ಲಿ ಎಂದರೆ ಒಂದು ತಮಾಷೆ. ತಿಂದರೆ ತುಟಿ ಉರಿಯುತ್ತದೆ, ಆಮೇಲೆ ಹೋಗುತ್ತದೆ, ಅಷ್ಟೆ ಎಂದು ಎಲ್ಲರೂ ತಿಳಿದುಕೊಂಡೆವು.

ಈಸ್ಟರ್ ಹತ್ತಿರವಾದಾಗ ನಮ್ಮ ಅಂಗಡಿಗೆ ಬಿಳಿ ಲಿಲ್ಲಿಯ ಕುಂಡಗಳು ಬಂದವು. ಅದೇ ವಾರ ಕಾಕಾನ ಹೆಂಡತಿಯ ತಿಥಿ. ಆಕೆಗೆ ಸುಗಂಧರಾಜ ಎಂದರೆ ಪ್ರಾಣವಂತೆ. ನಾನು ಕೆಲಸದಲ್ಲಿಲ್ಲದ ಹೊತ್ತಿಗೆ ಕಾಕಾ ಒಬ್ಬರೇ ನಡೆದು ಹೋಗಿ ಅಂಥದೇ ಪರಿಮಳದ ಆ ಲಿಲ್ಲಿಯ ಒಂದು ಕುಂಡ ತಂದು ಆಕೆಯ ಫೋಟೋ ಮುಂದಿಟ್ಟರು. ಮನೆಯೆಲ್ಲ ಘಮ್ಮೆಂದಿತು. "ಇದೂ ಲಿಲ್ಲೀನ ಅಂತ. ಆ ಕೆಟ್ಟ ಗಿಡಕ್ಕಿಂತ ಇದು ಎಷ್ಟ್ ಛಂದ ಐತಿ ನೋಡ ತಂಗಿ," ಎಂದರು. ನಿಶಾ ಕೂಡ ಮೂಗು ಹತ್ತಿರ ತಂದು, "ಸೋ ನೈಸ್, ಅಜ್ಜಾ," ಎಂದಳು. ಫೋಟೋದ ಪಕ್ಕದಲ್ಲೇ ಮಲಗಿದ್ದ ಬೆಕ್ಕಿನ ಬೆನ್ನಿನ ಮೇಲೆ ಹಳದಿ ಪುಡಿ ಬಿದ್ದಿತ್ತು. ದೇವರ ಭಂಡಾರದ ಅರಿಶಿನ ಹಚ್ಚಿದಂತಿದೆ ಎಂದು ಎಲ್ಲರೂ ನಕ್ಕೆವು. ಅದು ಬೆನ್ನು ನೆಕ್ಕಿ ಸ್ವಚ್ಛ ಮಾಡಿಕೊಂಡಿತು.

ಮರುದಿನ ಬೆಕ್ಕು ವಾಂತಿ ಮಾಡಿತು. ಕೂದಲು ನುಂಗಿರಬೇಕು ಎಂದುಕೊಂಡೆವು. ಅದರ ಮರುದಿನ ಸೋಫಾದ ಕೆಳಗೆ ಸೇರಿಕೊಂಡು ಹೊರಗೇ ಬರಲಿಲ್ಲ. ಮೂತ್ರವೂ ಇಲ್ಲ. ಕಾಕಾ ನೆಲದ ಮೇಲೆ ಬೋರಲು ಮಲಗಿ, "ಹಾಲು ಕುಡೀರಿ, ಒಂದ್ ಗುಟುಕು ಕುಡೀರಿ," ಎಂದು ಕೈ ಮುಗಿಯುತ್ತಿದ್ದರು. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಸರ್ದಾರ್ಜಿಯ ಕಾರಿನಲ್ಲಿ ಕಾಕಾ, ನಿಶಾ, ನಾನು ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಯೇ, ಮನೆಯಲ್ಲಿ ಲಿಲ್ಲಿ ಇದೆಯೇ ಎಂದು. ಎರಡಿವೆ ಎಂದೆವು. ಫೋನಿನಲ್ಲಿ ಗಿಡಗಳ ಫೋಟೋ ತೋರಿಸಿದೆವು. ಪೀಸ್ ಲಿಲ್ಲಿ ಹೆಸರಿಗಷ್ಟೇ ಲಿಲ್ಲಿ, ಬಾಯಿ ಉರಿಸುತ್ತದೆ, ಕೊಲ್ಲುವುದಿಲ್ಲ. ಬಿಳಿ ಹೂವಿನದು ನಿಜವಾದ ಲಿಲ್ಲಿ, ಮೈಮೇಲೆ ಬಿದ್ದ ಪರಾಗ ನೆಕ್ಕಿದರೂ ಸಾಕು, ಬೆಕ್ಕಿನ ಕಿಡ್ನಿ ಹೋಗುತ್ತದೆ ಎಂದರು. ನೆಕ್ಕಿದ ದಿನವೇ ತಂದಿದ್ದರೆ ಉಳಿಸಬಹುದಿತ್ತೇನೋ. ಈಗ ಕಿಡ್ನಿ ನಿಂತೇ ಹೋಗಿದೆ. ಒದ್ದಾಡಲು ಬಿಡುವುದು ಬೇಡ, ಇಂಜೆಕ್ಷನ್ ಕೊಡೋಣ, ಪುಟ್ ಹಿಮ್ ಟು ಸ್ಲೀಪ್ ಎಂದರು. ಸುಜಾತಕ್ಕ ಫೋನಿನಲ್ಲೇ ಅಳುತ್ತ ಒಪ್ಪಿಗೆ ಕೊಟ್ಟರು.

ಕಾಕಾಗೆ ಇಂಗ್ಲಿಷು ಅಷ್ಟಿಷ್ಟು ಬರುತ್ತಿತ್ತು. ಅಷ್ಟಿಷ್ಟು ಬಂದದ್ದೇ ಅಂದು ಕಷ್ಟವಾಯಿತು. ಅವರ ಮುಖ ಅರಳಿತು. "ಸ್ಲೀಪ್! ಹೌದ ಮತ್ತ, ನಿದ್ದಿ ಬರಲಿ ಪಾಪ. ಎರಡು ದಿನದಿಂದ ಕಣ್ಣು ಮುಚ್ಚಿಲ್ಲ. ಎಚ್ಚರ ಆದ ಮ್ಯಾಲ ಕರಕೊಂಡ ಹೋಗೂಣು," ಎಂದು ಹೆಗಲ ಮೇಲಿನ ಶಾಲು ತೆಗೆದು ಬೆಕ್ಕಿಗೆ ಹೊದಿಸಿದರು.

ನಿಶಾ ಗೋಡೆ ಕಡೆ ತಿರುಗಿಕೊಂಡಳು. ಹೇಳುವುದು ನನ್ನ ಪಾಲಿಗೆ ಬಂತು.

"ಕಾಕಾ, ನಿದ್ದೆ ಅಂದ್ರೆ ಆ ನಿದ್ದೆ ಅಲ್ಲ."

"ಮತ್ತ ಯಾವ ನಿದ್ದಿ?"

"ಏಳಲ್ಲ, ಕಾಕಾ."

ಅವರು ನನ್ನನ್ನೇ ನೋಡಿದರು, ತುಮಕೂರಿನ ಮಾತು ಮೊದಲ ಸಲ ಅರ್ಥವಾಗದವರಂತೆ. ಆಮೇಲೆ ಡಾಕ್ಟರಮ್ಮನನ್ನು ನೋಡಿದರು. "ಹಂಗಾದ್ರ ಸ್ಲೀಪ್ ಅಂತ ಯಾಕಂದ್ಳು?"

ಎಲ್ಲ ಮುಗಿದ ಮೇಲೆ ಹೊರಗೆ ಬಂದು ಕಾಕಾ ನಿಶಾಳ ತಲೆ ಸವರಲು ಹೋದರು. ಅವಳು ಹಿಂದೆ ಸರಿದಳು. "ಡೋಂಟ್, ಅಜ್ಜಾ. ಯೂ ಬ್ರಾಟ್ ಇಟ್ ಹೋಮ್." ಈ ಇಂಗ್ಲಿಷನ್ನು ಯಾರೂ ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಮಾರನೆಯ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಕಾಕಾ ಆ ಕುಂಡ ಮುಂದಿಟ್ಟುಕೊಂಡು ಹೂವಿನ ಎಸಳು ತಿನ್ನುತ್ತಿದ್ದರು. ಕಿತ್ತುಕೊಂಡು ವಿಷದ ಸಹಾಯವಾಣಿಗೆ ಫೋನ್ ಮಾಡಿದೆ. ಅಲ್ಲಿನ ನರ್ಸ್ ಸಮಾಧಾನದಿಂದ, ಯಾವ ಲಿಲ್ಲಿ ಎಂದಳು. ನೀರಿನ ನೈದಿಲೆಯೋ, ಕ್ಯಾಲಾ ಲಿಲ್ಲಿಯೋ, ಸಣ್ಣ ಗಂಟೆಯಂಥ ಹೂವಿನ ಲಿಲ್ಲಿ ಆಫ್ ದಿ ವ್ಯಾಲಿಯೋ, ಅದಾದರೆ ಮನುಷ್ಯರ ಹೃದಯಕ್ಕೇ ಅಪಾಯ. ದೊಡ್ಡ ಬಿಳಿ ಕಹಳೆಯ ಹಾಗಿದೆ ಎಂದೆ. ಕುಂಡದ ಚೀಟಿ ಓದಿಸಿಕೊಂಡು, ಹೊಟ್ಟೆ ತೊಳಸಬಹುದು, ಅದಕ್ಕಿಂತ ಹೆಚ್ಚೇನೂ ಆಗದು, ಸಂಜೆಯವರೆಗೆ ನೋಡಿಕೊಳ್ಳಿ ಎಂದಳು.

"ಏನಂದ್ಳು?"

"ನಿಮಗೇನೂ ಆಗಲ್ವಂತೆ."

"ನನಗ ಬಾಯಿ ಸುಟ್ಟಿದ್ದು ಅವರನ್ನ ಕೊಲ್ಲಲಿಲ್ಲ. ಅವರನ್ನ ಕೊಂದಿದ್ದು ನನಗ ಏನೂ ಮಾಡವಲ್ದು. ಎರಡಕ್ಕೂ ಒಂದ ಹೆಸರು. ಇದೇನ್ ಲೆಕ್ಕ ತಂಗಿ?"

ಅವರು ಆ ಹೂವನ್ನು ಪರೀಕ್ಷೆ ಮಾಡಿದರೋ, ತಮಗೆ ತಾವೇ ಶಿಕ್ಷೆ ಕೊಟ್ಟುಕೊಳ್ಳಲು ಹೊರಟಿದ್ದರೋ, ನನಗೆ ಇಂದಿಗೂ ತಿಳಿದಿಲ್ಲ. ಸುಜಾತಕ್ಕ ಅಂದಿನಿಂದ ಕೆಲದಿನ ರಜೆ ಹಾಕಿ ಅವರ ಜೊತೆಗೇ ಇದ್ದರು.

ಆ ಶನಿವಾರ ನಾನು ಅಂಗಡಿಯಲ್ಲಿದ್ದೆ. ಮ್ಯಾನೇಜರ್ ಬಂದು, ಹೂವಿನ ಹತ್ತಿರ ನಿಂತಿರುವ ಮುದುಕರು ನಿನ್ನವರಾ ಎಂದ. ಹೋಗಿ ನೋಡಿದರೆ, ಮಗಳ ಕಣ್ಣು ತಪ್ಪಿಸಿ ಬಂದಿದ್ದ ಕಾಕಾ ಮಂಕಿ ಟೋಪಿ ಹಾಕಿಕೊಂಡು ಲಿಲ್ಲಿ ಕುಂಡಗಳಿಗೆ ಅಡ್ಡ ನಿಂತಿದ್ದರು. ಕುಂಡಕ್ಕೆ ಕೈ ಚಾಚಿದವರನ್ನೆಲ್ಲ ಬಸ್‌ಸ್ಟ್ಯಾಂಡಿನ ದನಿಯಲ್ಲಿ ತಡೆಯುತ್ತಿದ್ದರು. "ಮೇಡಮ್! ಹೋಮ್ ಕ್ಯಾಟ್? ಕ್ಯಾಟ್ ಹ್ಯಾವ್?"

ಒಬ್ಬ ಹೆಂಗಸು ಗಾಬರಿಯಾಗಿ, "ನೋ, ಐ ಹ್ಯಾವ್ ಎ ಡಾಗ್," ಎಂದಳು.

ಕಾಕಾ ಇದಕ್ಕೆ ತಯಾರಿರಲಿಲ್ಲ. ನನ್ನ ಕಡೆ ತಿರುಗಿದರು. "ನಾಯಿಗೆ ಏನಾಕ್ಕೈತಿ ತಂಗಿ?"

"ಗೊತ್ತಿಲ್ಲ ಕಾಕಾ."

"ಗೊತ್ತಿಲ್ಲಂದ್ರ ಹೆಂಗ? ಆಕಿ ಕಾಯಾಕತ್ತಾಳ."

ಮ್ಯಾನೇಜರ್ ನನ್ನ ಮುಖ ನೋಡುತ್ತಿದ್ದ. ಅವರನ್ನು ಹೊರಗೆ ಕರೆದೊಯ್ಯಬೇಕೋ, ಪಕ್ಕದಲ್ಲಿ ನಿಲ್ಲಬೇಕೋ ತಿಳಿಯದೆ ಸುಜಾತಕ್ಕನಿಗೆ ಫೋನ್ ಮಾಡಿದೆ. ಬಂದವಳು ನಿಶಾ. ಅಮ್ಮ ಕಾರು ನಿಲ್ಲಿಸುತ್ತಿದ್ದಾರೆ ಎಂದಳು. ಅಜ್ಜನನ್ನು ದೂರದಿಂದಲೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೋಗಿ ಅವರ ಕೈ ಹಿಡಿದು, ಆ ಹೆಂಗಸಿಗೆ ಇಂಗ್ಲಿಷಿನಲ್ಲಿ ಎಲ್ಲ ಹೇಳಿದಳು. ನಾಯಿಗೆ ಇದು ಬೆಕ್ಕಿನಷ್ಟು ಅಪಾಯವಲ್ಲ, ಹೊಟ್ಟೆ ಕೆಡಬಹುದು, ಎತ್ತರದಲ್ಲಿಡಿ. ಆ ದಿನಗಳಲ್ಲಿ ಅವಳು ಇದನ್ನೆಲ್ಲ ಓದಿಕೊಂಡಿದ್ದಳೆಂದು ಕಾಣುತ್ತದೆ. ಹೆಂಗಸು ಹೋದ ಮೇಲೆ ಅಜ್ಜನ ಕಡೆ ತಿರುಗಿ, ತೊದಲುವ ಕನ್ನಡದಲ್ಲಿ, "ನಾನೂ ನೋಡಿದೆ ಅಜ್ಜಾ. ಹಳದಿ ಪೌಡರ್. ನಾನೂ ನಕ್ಕೆ," ಎಂದಳು. ಕಾಕಾ ಟೋಪಿ ತೆಗೆದು ಕಣ್ಣೊರೆಸಿಕೊಂಡರು. ಮ್ಯಾನೇಜರ್ ಮೆಲ್ಲನೆ ಪಕ್ಕದ ಸಾಲಿಗೆ ಹೋದ.

ಓದು ಮುಗಿದ ಮೇಲೆ ನನಗೆ ಬೋಲ್ಟನ್ನಿನ ಗೋದಾಮೊಂದರಲ್ಲಿ ಕೆಲಸ ಸಿಕ್ಕಿತು. ಮನೆ ಬಿಡುವ ದಿನ ಕಾಕಾ ಹಿತ್ತಲಿನ ಬಿಸಿಲಿನಲ್ಲಿ ಕೂತಿದ್ದರು. ಇನ್ನೊಂದು ಬೆಕ್ಕು ತರುತ್ತೀರಾ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದರು. ಬೇಲಿ ನೋಡುತ್ತಲೇ ಕೇಳಿದರು.

"ತಂಗಿ, ನೀ ಓದಿದಾಕಿ. ಹೂವಿಟ್ಟಿದ್ದು ನಾನ ಅಂತ ಅವರಿಗೆ ಗೊತ್ತಿತ್ತೇನ?"

ಇಲ್ಲ ಎಂದರೆ ಅವರಿಗೆ ಸಮಾಧಾನವಾಗುತ್ತಿತ್ತೋ, ಹೌದು, ಗೊತ್ತಿದ್ದೂ ನಿಮ್ಮ ಶಾಲು ಹೊದ್ದು ಮಲಗಿದರು ಎಂದರೆ ಆಗುತ್ತಿತ್ತೋ ನನಗೆ ತಿಳಿಯಲಿಲ್ಲ. ಯೋಚಿಸುತ್ತಿರುವಾಗಲೇ ನನ್ನನ್ನು ಒಯ್ಯುವ ಕಾರು ಬಂದು ಹಾರ್ನ್ ಮಾಡಿತು. "ಹೋಗು, ಹೋಗು, ಅವ ಕಾಯಾಕತ್ತಾನ," ಎಂದರು. ಮುಂದಿನ ಸಲ ಬಂದಾಗ ಹೇಳುತ್ತೇನೆ ಎಂದು ಹೊರಟೆ. ಆ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಏನು ಹೇಳಬೇಕಿತ್ತೆಂದು ನಾನಿನ್ನೂ ಯೋಚಿಸುತ್ತಲೇ ಇದ್ದೇನೆ.