ಸದ್ದಿಲ್ಲದ ಕೈ

ನೀರು ಕುಡಿದ ಇಟ್ಟಿಗೆಗೆ ಒಂದು ವಾಸನೆ ಇದೆ. ಒಣ ಇಟ್ಟಿಗೆಯನ್ನು ತೊಟ್ಟಿಯಲ್ಲಿ ಮುಳುಗಿಸಿದರೆ ಮೊದಲು ಗುಳುಗುಳು ಅಂತ ಗುಳ್ಳೆ ಬಿಡುತ್ತದೆ, ಆಮೇಲೆ ಆ ವಾಸನೆ ಏಳುತ್ತದೆ. ಮೊದಲ ಮಳೆ ಬಿದ್ದ ಹಾಗೆ ಅಂತ ಕೆಲವರು ಹೇಳುತ್ತಾರೆ. ಅಲ್ಲ. ಮಳೆ ವಾಸನೆ ಬಂದು ಹೋಗುತ್ತದೆ. ಇದು ಕೈಗೆ, ಸೀರೆ ಸೆರಗಿಗೆ, ಉಣ್ಣುವ ಮುದ್ದೆಗೆ ಅಂಟಿಕೊಳ್ಳುತ್ತದೆ. ಈಗ ನಮ್ಮ ಕಗ್ಗದಾಸಪುರದಲ್ಲಿ ಎಲ್ಲರೂ ಕಟ್ಟೋದು ಸಿಮೆಂಟ್ ಬ್ಲಾಕಿನಲ್ಲಿ, ಅದಕ್ಕೆ ವಾಸನೆಯೇ ಇಲ್ಲ. ಮೊನ್ನೆ ಪಕ್ಕದ ಮನೆಯವರು ಕಾಂಪೌಂಡಿಗೆ ಅಂತ ಕೆಂಪು ಇಟ್ಟಿಗೆ ತರಿಸಿ ಡ್ರಮ್ಮಿನಲ್ಲಿ ನೆನೆಹಾಕಿದರು. ನಾನು ಬಾಗಿಲಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದೆ. ವಾಸನೆ ಬಂತು, ನನ್ನ ಕೈ ನಿಂತಿತು. ಒಳಗೆ ನನ್ನ ಮಗ ಗೋಪಿ ತನ್ನ ಮಗಳು ಭವ್ಯಳ ಮೇಲೆ ರೇಗಾಡುತ್ತಿದ್ದ.

“ಗ್ಲೌಸ್ ಬಿಟ್ಬಿಡು. ಬರೀ ಬ್ಯಾಟಿಂಗ್ ಅಂತ ಹೋಗು. ಕೀಪರ್ ಜಾಗಕ್ಕೆ ಆ ಹುಡುಗಿ ಅವಳೆ, ನಿನಗಿಂತ ಜಾಸ್ತಿ ರನ್ ಹೊಡೀತಾಳೆ. ಅವಳ ಮುಂದೆ ನಿನ್ನ ತಗೊಳ್ತಾರಾ?”

“ನಾನು ಕೀಪರ್ ಅಪ್ಪಾ.”

“ದೇಶದ ಟೀಮು ಕಣೇ. ಹೆಂಗಾದ್ರೂ ಒಳಗೆ ಹೋಗ್ಬೇಕು.”

ವಿಷಯ ಇಷ್ಟೇ. ಭವ್ಯ ನಮ್ಮ ರಾಜ್ಯಕ್ಕೆ ಕೀಪಿಂಗ್ ಮಾಡುತ್ತಾಳೆ. ಬಿಳಿ ಬಟ್ಟೆ ಹಾಕಿಕೊಂಡು ದಿನಗಟ್ಟಲೆ ಆಡುತ್ತಾರಲ್ಲ, ಆ ಟೆಸ್ಟ್ ಆಟಕ್ಕೆ ಹೆಣ್ಣುಮಕ್ಕಳ ತಂಡ ಆರಿಸುವುದಿತ್ತು. ಸ್ಟಂಪಿನ ಹಿಂದೆ ನಿಲ್ಲುವ ಜಾಗ ಒಂದು, ಹುಡುಗಿಯರು ಇಬ್ಬರು. ಇವಳ ಕೈ ಒಳ್ಳೆಯದು, ಅವಳ ಬ್ಯಾಟು ಒಳ್ಳೆಯದು. ಯಾವುದನ್ನು ನೋಡುತ್ತಾರೆ ಅಂತ ಯಾರಿಗೂ ಗೊತ್ತಿರಲಿಲ್ಲ. ನನಗೆ ಮಾತ್ರ ನಗು ಬಂತು. ಈ ಜಗಳವನ್ನು ನಾನು ಚಿಕ್ಕವಳಿದ್ದಾಗ ಹಲಸೂರಿನ ನಮ್ಮ ಮನೆಯಲ್ಲೇ ಕೇಳಿದ್ದೆ.

ಹಲಸೂರಿನ ಆ ಮನೆ ಈಗ ಇಲ್ಲ. ಕೆರೆ ಕಡೆ ಇಳಿಯುವ ಗಲ್ಲಿಯಲ್ಲಿ ಹೆಂಚಿನ ವಠಾರ, ಎಲ್ಲ ಗಾರೆ ಕೆಲಸದವರೇ. ಅರ್ಧ ಜನ ತಮಿಳು ಮಾತಾಡೋರು, ಅರ್ಧ ಜನ ನಾವು, ಬೈಗುಳ ಮಾತ್ರ ಎಲ್ಲರಿಗೂ ಎರಡೂ ಭಾಷೆಯಲ್ಲಿ ಬರುತ್ತಿತ್ತು. ನಡುವೆ ಅಂಗಳ, ಅಂಗಳದಲ್ಲಿ ಸುಣ್ಣದ ಗುಂಡಿ, ಪಕ್ಕದಲ್ಲಿ ಅಪ್ಪ ತಂದು ಜೋಡಿಸಿದ ಇಟ್ಟಿಗೆ ರಾಶಿ, ಅದರ ಬಿಸಿಲು ಬೀಳುವ ಬದಿಗೆ ಹಪ್ಪಳ, ನೆರಳಿನ ಬದಿಗೆ ನಾವು ಮಕ್ಕಳು. ಅಪ್ಪ ಮೇಸ್ತ್ರಿ. ಹೊರಗೆ ಅವನ ಮಾತು ನಡೆಯುತ್ತಿತ್ತು, ಒಳಗೆ ಅವನ ಅಕ್ಕ ಪಾಪಮ್ಮತ್ತೆಯದು. ಗಂಡ ಹೋದ ಮೇಲೆ ತಮ್ಮನ ಮನೆಗೆ ಬಂದವಳು, ಯಾರಿಗೂ ಹೆದರದವಳು. ಗೋಡೆ ಕಟ್ಟುವಾಗ ಬೊಂಬು, ಹಲಗೆ ಕಟ್ಟಿ ನಿಲ್ಲಿಸುವ ಸಾರ್ವೆ ಮೇಲೆ ನಿಂತು ಇಟ್ಟಿಗೆ ಹಿಡಿಯುವುದು ಅವಳ ಕೆಲಸ. ಕೆಳಗಿನವರು ಎರಡು ಇಟ್ಟಿಗೆ ಜೋಡಿಸಿ ಮೇಲಕ್ಕೆ ಎಸೆಯುತ್ತಾರೆ, ಮೇಲಿರುವವಳು ಎರಡನ್ನೂ ಒಟ್ಟಿಗೆ ಹಿಡಿದು ಪಕ್ಕಕ್ಕೆ ಕೊಡಬೇಕು. ಕೈ ಗಟ್ಟಿ ಮಾಡಿದರೆ ಬೆರಳು ಹೋಗುತ್ತದೆ. ಬರುವ ಇಟ್ಟಿಗೆಯ ಜೊತೆ ಕೈಯನ್ನೂ ಸ್ವಲ್ಪ ಹಿಂದಕ್ಕೆ ತರಬೇಕು, ಮಗುವನ್ನು ಇಸಿದುಕೊಳ್ಳುವ ಹಾಗೆ. ಚೆನ್ನಾಗಿ ಹಿಡಿದರೆ ಸದ್ದೇ ಬರುವುದಿಲ್ಲ. ನನಗೆ ಅದನ್ನು ಅತ್ತೆ ಕಲಿಸಿದ್ದಲ್ಲ, ಪಕ್ಕ ನಿಂತು ನೋಡಿ ನೋಡಿ ಬಂತು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ನೋಡುವುದಕ್ಕೆ ಬೇಕಾದಷ್ಟು ಪುರುಸೊತ್ತು.

ನಮ್ಮ ಗಲ್ಲಿಗೆ ಒಂದು ಕ್ರಿಕೆಟ್ ಟೀಮಿತ್ತು. ವರ್ಷಕ್ಕೊಂದು ಸಲ ಕುಕ್ ಟೌನಿನ ಬಂಗಲೆ ಹುಡುಗರ ಮೇಲೆ ಕಾರ್ಕ್ ಬಾಲಿನ ಮ್ಯಾಚು. ಅವರಿಗೆ ಪ್ಯಾಡಿತ್ತು, ನಮಗೆ ಹಟ ಇತ್ತು. ಆಟದ ಹಿಂದಿನ ಸಂಜೆ ನಮ್ಮ ಅಂಗಳದಲ್ಲಿ ಟೀಮು ಆರಿಸುತ್ತಿದ್ದರು. ಬ್ಯಾಟು ಬೀಸುವವರನ್ನು ಅಪ್ಪ ಹೇಳುತ್ತಿದ್ದ. ಕೀಪರ್ ಯಾರು ಅನ್ನೋದನ್ನ ಪಾಪಮ್ಮತ್ತೆ. ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ, ಅದು ಹಾಗೇ ನಡೆದು ಬಂದಿತ್ತು. ಅವಳು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ರಾಶಿಯ ಮುಂದೆ ನಿಂತು, ನೆನೆದ ಇಟ್ಟಿಗೆ ಎತ್ತಿ ಒಬ್ಬೊಬ್ಬರಿಗೂ ಎಸೆಯುತ್ತಿದ್ದಳು. ಎಸೆದ ಮೇಲೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಹಿಡಿದದ್ದು ನೋಡುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದಳು.

ಆ ವರ್ಷ ನಮ್ಮಣ್ಣ ಮುನಿರಾಜ ತಾನೇ ಕೀಪರ್ ಆಗುತ್ತೇನೆ ಅಂತ ಕೂತ. ಗಲ್ಲಿಯಲ್ಲಿ ಅವನಷ್ಟು ಹೊಡೆಯುವವನು ಇನ್ನೊಬ್ಬ ಇರಲಿಲ್ಲ, ಅದರ ಸೊಕ್ಕು ಇತ್ತು. ಅಪ್ಪನೂ ಅವನ ಕಡೆಯೇ.

“ಹುಡುಗ ಬ್ಯಾಟಿಂಗೂ ಮಾಡ್ತಾನೆ, ಅದೂ ಮಾಡ್ತಾನೆ ಬಿಡಕ್ಕಾ. ಒಂದೇ ಕೈಲಿ ಎರಡು ಕೆಲಸ.”

“ಬೀಸೋ ಕೈ ಬೇರೆ, ಇಸ್ಕೊಳ್ಳೋ ಕೈ ಬೇರೆ. ಬಾರ್ಲಾ, ನೋಡೇ ಬಿಡಾನ.”

ಅತ್ತೆ ಎಸೆದಳು. ಅಣ್ಣ ಬಾಲು ಹೊಡೆಯಲು ಹೋಗುವ ಹಾಗೆ ಇಟ್ಟಿಗೆಗೆ ಎದುರು ಹೋದ. ಠಪ್ ಅಂತು. ಇಟ್ಟಿಗೆ ಕೆಳಗೆ ಬಿತ್ತು, ಅಣ್ಣ ಬೆರಳು ಬಾಯಲ್ಲಿಟ್ಟುಕೊಂಡು ಅಂಗಳ ಸುತ್ತಿದ. ಉಗುರು ಕಪ್ಪಾಗಿ, ಬೆರಳು ಬದನೆಕಾಯಿ ಆಯಿತು. ಬ್ಯಾಟೂ ಹಿಡಿಯುವ ಹಾಗಿಲ್ಲ. ಶಿವಾಜಿನಗರದಿಂದ ಬಂದು ನಮ್ಮ ಕಡೆ ಬೌಲಿಂಗ್ ಮಾಡುತ್ತಿದ್ದ ಬಷೀರ ಹಣೆ ಚಚ್ಚಿಕೊಂಡ. “ಬ್ಯಾಟ್ಸ್‌ಮನ್ನೂ ಹೋದ, ಕೀಪರೂ ಹೋದ. ನಾಳೆ ನಾನೂ ಪಾಪಮ್ಮನೂ ಇಬ್ರೇ ಆಡ್ಬೇಕು” ಅಂದ.

ಅತ್ತೆ ಅವನ ಕಡೆ ನೋಡಲಿಲ್ಲ. “ಅಮ್ಮಿ, ನೀ ಬಾ” ಅಂತ ನನ್ನನ್ನು ಕರೆದಳು. ನಾನು ಲಂಗ ಸಿಕ್ಕಿಸಿ ನಿಂತೆ. ಎಸೆದು ಕಣ್ಣು ಮುಚ್ಚಿದಳು. ಬಹಳ ಹೊತ್ತು ತೆರೆಯಲೇ ಇಲ್ಲ. ಆಮೇಲೆ, “ಹಿಡಿದ್ಲಾ?” ಅಂತ ಕೇಳಿದಳು. ಇಟ್ಟಿಗೆ ನನ್ನ ಕೈಯಲ್ಲಿತ್ತು.

ಮಾರನೇ ದಿನ ಅಣ್ಣನ ಚಡ್ಡಿ, ಅತ್ತೆ ಹಳೇ ಜಮಖಾನ ಮಡಚಿ ಹೊಲಿದುಕೊಟ್ಟ ಗ್ಲೌಸು. ಬಂಗಲೆ ಹುಡುಗರು ನನ್ನನ್ನು ನೋಡಿ ನಕ್ಕರು. ಸ್ಟಂಪ್ ಔಟಾಗಿ ಒಬ್ಬೊಬ್ಬರೇ ಹೊರಟ ಮೇಲೆ ನಗು ನಿಂತಿತು. ಬಷೀರ ಅವರಿಗೆ ಕೇಳಿಸಲಿ ಅಂತಲೇ ಹೇಳಿದ, “ಈ ಹುಡ್ಗಿ ಕೈಗೆ ಹೋದ್ರೆ ಬಾಲು ಮಲ್ಕೊಂಡ್ಬಿಡ್ತದೆ.” ನನ್ನ ಬಗ್ಗೆ ಯಾರೂ ಅದಕ್ಕಿಂತ ಒಳ್ಳೆ ಮಾತು ಇದುವರೆಗೂ ಆಡಿಲ್ಲ. ನಾವು ಗೆದ್ದೆವು. ಅತ್ತೆ ಹುರುಳಿ ಸಾರು ಮಾಡಿ, ಮೊದಲ ತಟ್ಟೆ ನನಗೆ ಹಾಕಿ, ಎರಡನೇದು ಅಣ್ಣನಿಗೆ ತಾನೇ ಕಲಸಿ ತಿನ್ನಿಸಿದಳು. ಅವನು ಅತ್ತುಕೊಂಡೇ ಉಂಡ.

ಮುಂದಿನ ವರ್ಷದೊಳಗೆ ನಾನು ದೊಡ್ಡವಳಾದೆ. ಆಟ ಮುಗಿಯಿತು. ಅತ್ತೆಯೂ ಬಾಯಿ ಬಿಡಲಿಲ್ಲ, ಅವಳ ಅಧಿಕಾರ ಅಂಗಳದವರೆಗೆ. ಮೈದಾನಕ್ಕೆ ಬೇಡ ಅಂದವರೇ ಸಾರ್ವೆ ಮೇಲೆ ನಿಲ್ಲಿಸಿದರು, ಅದಕ್ಕೆ ಯಾರ ಮಾನವೂ ಹೋಗಲಿಲ್ಲ. ಇಂದಿರಾನಗರದಲ್ಲಿ ಎಷ್ಟೋ ಮನೆಗಳ ಗೋಡೆ ನನ್ನ ಕೈ ದಾಟಿ ಮೇಲೆ ಹೋಗಿದೆ. ಆ ಬೀದಿಗಳಲ್ಲಿ ನಡೆದರೆ ನಾನು ತಲೆ ಬಗ್ಗಿಸುವುದಿಲ್ಲ. ಅತ್ತೆ ಹೋದಳು, ಅಪ್ಪ ಹೋದ, ಅಣ್ಣನೂ ಹೋದ. ಕೊನೆವರೆಗೂ ಅವನ ಆ ಉಗುರು ಸೊಟ್ಟಗೇ ಇತ್ತು. ವಠಾರ ಇದ್ದ ಕಡೆ ಈಗ ಬಚ್ಚಲುಮನೆ ನಲ್ಲಿ, ಟೈಲ್ಸು ಮಾರುವ ದೊಡ್ಡ ಅಂಗಡಿ. ಒಂದು ಸಲ ಒಳಗೆ ಹೋಗಿ ಅಂಗಳ ಎಲ್ಲಿತ್ತು ಅಂತ ಹುಡುಕಿದೆ. ಏನು ಬೇಕಮ್ಮಾ ಅಂತ ಕೇಳಿದರು. ಏನೂ ಬೇಡ ಅಂದು ಬಂದೆ. ನೀವೂ ಯಾವುದೋ ಅಂಗಡಿಯಲ್ಲಿ ಹಾಗೆ ನಿಂತು ಬಂದಿರಬಹುದು.

ಇದನ್ನೆಲ್ಲ ಭವ್ಯಳಿಗೆ ಹೇಳಿದೆ. ಅವಳು ನನ್ನ ಪಕ್ಕ ಕೂತು ಸೊಪ್ಪು ಬಿಡಿಸುತ್ತ ಕೇಳಿದಳು. ಮುಗಿದ ಮೇಲೆ ಎದ್ದು ಪಕ್ಕದವರ ಡ್ರಮ್ಮಿನ ಕಡೆ ನೋಡಿ, “ಎಸಿ ಅಜ್ಜಿ, ನೋಡೋಣ” ಅಂದಳು.

“ಸುಮ್ಕಿರೇ. ಬೆರಳು ಬದನೆಕಾಯಿ ಆದ್ರೆ ನಿಮ್ಮಪ್ಪ ನನ್ನ ಮನೆ ಬಿಟ್ಟು ಓಡಿಸ್ತಾನೆ.”

“ಹಂಗಾದ್ರೆ ನಾನೇನ್ ಮಾಡ್ಲಿ?”

“ನೀನು ಏನೋ ಅದನ್ನೇ ಹೇಳು. ಆರ್ಸೋರು ಆರ್ಸ್ಲಿ, ಬಿಡೋರು ಬಿಡ್ಲಿ.”

ಅವಳು ಆಯ್ಕೆಗೆ ಕೀಪರ್ ಅಂತಲೇ ಹೋದಳು. ಗೋಪಿ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ತಂಡ ಹೇಳಿದಾಗ ಇಬ್ಬರು ಹುಡುಗಿಯರ ಹೆಸರೂ ಇತ್ತು, ಗ್ಲೌಸ್ ಯಾರಿಗೆ ಅಂತ ಮಾತ್ರ ಆಟದ ದಿನ ಬೆಳಿಗ್ಗೆಯೇ ಗೊತ್ತಾಗುವುದು ಅಂದರು. ಆ ಬೆಳಿಗ್ಗೆ ಫೋನು ಬಂತು. “ಅಜ್ಜಿ, ಅವಳು ಬ್ಯಾಟಿಂಗಿಗೆ. ಹಿಂದೆ ನಾನು.” ಅಷ್ಟೇ ಹೇಳಿ ಇಟ್ಟಳು. ಗೋಪಿ ಮುಖ ತೊಳೆಯಲು ಹೋಗಿ ಬಚ್ಚಲಲ್ಲೇ ಬಹಳ ಹೊತ್ತು ನಿಂತ.

ಟಿವಿ ಮುಂದೆ ಕೂತೆವು. ಬಿಳಿ ಬಟ್ಟೆಯಲ್ಲಿ ನಮ್ಮ ಮಗು ಸ್ಟಂಪಿನ ಹಿಂದೆ ಕುಕ್ಕರುಗಾಲಲ್ಲಿ ಕೂತಿತ್ತು, ದೇಶದ ಟೋಪಿ ತಲೆ ಮೇಲೆ. ಸೌಂಡು ಜೋರು ಮಾಡೋ ಅಂದೆ ಗೋಪಿಗೆ. ಇನ್ನೂ ಜೋರು. ಬೌಲರ್ ಓಡಿಬಂದಳು, ಎದುರಿನ ಹುಡುಗಿ ಹೊಡೆಯದೆ ಬ್ಯಾಟೆತ್ತಿ ಬಿಟ್ಟಳು, ಬಾಲು ಹಿಂದಕ್ಕೆ ಹೋಯಿತು. ನಾನು ಕಣ್ಣು ಮುಚ್ಚಿಕೊಂಡೆ. ಹಕ್ಕಿ ಕೂಗಿದ್ದು ಕೇಳಿತು, ದೂರದಲ್ಲಿ ಯಾರೋ ಚಪ್ಪಾಳೆ ತಟ್ಟಿದ್ದು ಕೇಳಿತು.

“ಹಿಡಿದ್ಲಾ?” ಅಂತ ಕೇಳಿದೆ.