ಬೆನ್ನಿನ ಸಂದರ್ಶನ

ವಿಕ್ಸಮ್ ಎಂಬ ಊರಿಗೆ ಹೊರಡುವ ಹಿಂದಿನ ದಿನ ನನ್ನ ಗಂಡ ಒಂದು ಫೈಲು ಸಿದ್ಧಮಾಡಿದರು. ಮೂಲ ಪ್ರತಿಗಳು ಎಡಗಡೆ, ಜೆರಾಕ್ಸ್ ಬಲಗಡೆ, ಎಂಆರ್‌ಐ ವರದಿಗೆ ಹಳದಿ ಚೀಟಿ, ಆಪರೇಷನ್ ಕಾಗದಗಳಿಗೆ ಗುಲಾಬಿ ಚೀಟಿ, ಎಲ್ಲದರ ಕೊನೆಗೆ ನಮ್ಮ ಮದುವೆಯ ಪ್ರಮಾಣಪತ್ರ.

"ಮದುವೆ ಸರ್ಟಿಫಿಕೇಟ್ ಯಾಕ್ರೀ? ನಾನು ಹೋಗ್ತಿರೋದು ಪಿಂಗ್‌ಪಾಂಗ್ ಆಡಕ್ಕೆ."

"ಇರ್ಲಿ ಬಿಡು. ಕೇಳಿದಾಗ ಇಲ್ಲ ಅನ್ನೋ ಹಾಗಾಗ್ಬಾರ್ದು."

ಅವರನ್ನು ನೋಡಿ ನಗುವ ಯೋಗ್ಯತೆ ನನಗಿಲ್ಲ. ಈ ದೇಶದಲ್ಲಿ ನಾವು ಯೌವನ ಕಳೆದದ್ದೇ ಅಧಿಕಾರಿಗಳ ಕಿಟಕಿಗಳ ಮುಂದೆ. ವೀಸಾ, ಸ್ಟ್ಯಾಂಪಿಂಗ್, ಗ್ರೀನ್ ಕಾರ್ಡು, ಆಮೇಲೆ ಪೌರತ್ವ. ಕೇಳಿದ್ದಕ್ಕಷ್ಟೇ ಉತ್ತರ ಕೊಡು, ನೀನಾಗಿ ಏನನ್ನೂ ಹೇಳಬೇಡ ಎಂಬುದು ನಮ್ಮ ಮನೆಯಲ್ಲಿ ಸಂಧ್ಯಾವಂದನೆಗಿಂತ ಶ್ರದ್ಧೆಯಿಂದ ಪಾಲಿಸಿದ ವ್ರತ. ಈ ಸಲದ ಅಧಿಕಾರಿಗಳು ನೋಡಬೇಕೆಂದದ್ದು ನನ್ನ ಪಾಸ್‌ಪೋರ್ಟನ್ನಲ್ಲ, ಬೆನ್ನನ್ನು. ವ್ಯತ್ಯಾಸ ಅಷ್ಟೇ.

ಗಾಲಿಕುರ್ಚಿಯಲ್ಲಿ ಕುಳಿತು ಟೇಬಲ್ ಟೆನ್ನಿಸ್ ಆಡುವವರನ್ನು ಐದು ವರ್ಗಗಳಾಗಿ ವಿಂಗಡಿಸುತ್ತಾರೆ. ದೇಹದಲ್ಲಿ ಅತಿ ಕಡಿಮೆ ಹಿಡಿತ ಉಳಿದವರು ಒಂದು, ಹೆಚ್ಚು ಉಳಿದವರು ಐದು. ನಾವು ಆಡುವ ಡಬಲ್ಸ್‌ನಲ್ಲಿ ಇಬ್ಬರ ವರ್ಗ ಕೂಡಿಸಿದರೆ ಐದು ಮೀರಬಾರದು. ನನ್ನ ಜೊತೆಗಾರ್ತಿ ನಮ್ಮ ಊರು ಡೆಸ್ ಪ್ಲೇನ್ಸ್‌ನವಳೇ, ಪೋಲಿಷ್ ಮೂಲದವಳು. ಹದಿನೆಂಟರಲ್ಲಿ ಕೆರೆಗೆ ತಲೆಕೆಳಗಾಗಿ ಧುಮುಕಿ ಕತ್ತು ಮುರಿದುಕೊಂಡಳು. ಬಲಗೈ ಬೆರಳುಗಳು ಮಡಚುವುದಿಲ್ಲವಾದ್ದರಿಂದ ರ‍್ಯಾಕೆಟ್ಟನ್ನು ಅಂಗೈಗೆ ಬ್ಯಾಂಡೇಜಿನಿಂದ ಸುತ್ತಿಕೊಳ್ಳುತ್ತಾಳೆ. ಅವಳು ಎರಡು. ನಾನು ಮೂರಾದರೆ ಬರುವ ವಸಂತಕ್ಕೆ ಯೂರೋಪಿನ ಅಂತಾರಾಷ್ಟ್ರೀಯ ಪಂದ್ಯ. ನಾಲ್ಕಾದರೆ ಇಬ್ಬರೂ ಮನೆಗೆ. ಮೂರಕ್ಕೂ ನಾಲ್ಕಕ್ಕೂ ಇರುವ ಅಂತರ ಹೊಟ್ಟೆ ಮತ್ತು ಬೆನ್ನಿನದು: ಮುಂದಕ್ಕೆ ಬಾಗಿ, ಕೈ ಊರದೆ ಎದ್ದು ಕೂರಲು ಬರುತ್ತದೆಯೇ, ಇಲ್ಲವೇ?

ನನಗೆ ಬರುತ್ತದೆ. ಚೆಂದವಾಗಿ ಅಲ್ಲ, ಹಳೆಯ ಗೇಟು ತೆರೆದ ಹಾಗೆ, ಆದರೆ ಬರುತ್ತದೆ.

ನಾನು ಬಿದ್ದದ್ದು ಗ್ಯಾರೇಜಿನ ಅಟ್ಟದಿಂದ. ಏಳು ವರ್ಷದ ಹಿಂದೆ ನವರಾತ್ರಿಗೆ ಮುಂಚೆ ಗೊಂಬೆಗಳ ಪೆಟ್ಟಿಗೆ ಇಳಿಸಲು ಏಣಿ ಹತ್ತಿದವಳು ಪೆಟ್ಟಿಗೆಯನ್ನು ಎದೆಗವಚಿಕೊಂಡೇ ಬೆನ್ನ ಮೇಲೆ ಬಿದ್ದೆ. ಗೊಂಬೆಗಳಿಗೆ ಒಂದು ಗೀರೂ ಆಗಲಿಲ್ಲ. ಆಸ್ಪತ್ರೆಗೆ ನೋಡಲು ಬಂದ ಆಂಟಿಯೊಬ್ಬರು "ಒಂದು ಗೊಂಬೆನೂ ಒಡೀಲಿಲ್ವಲ್ಲ, ಆ ತಾಯಿ ದೊಡ್ಡೋಳು ಕಣಮ್ಮ" ಎಂದರು. ಸೊಂಟದ ಕೆಳಗೆ ಏನೂ ತಿಳಿಯದೆ ಮಲಗಿದ್ದ ನನಗೆ ತಾಯಿಯ ಆದ್ಯತೆಗಳು ಅರ್ಥವಾಗಲಿಲ್ಲ. ನನ್ನೊಳಗೆ ಹೇಸಿಗೆ ಎಂಬುದು ಬಿಡಾರ ಹೂಡಿದ್ದು ಅಂದೇ ಇರಬೇಕು. ಈಗಲೂ ಸಮಾರಂಭಗಳಲ್ಲಿ ಚಿತ್ರಾನ್ನ ತಿಂದ ಕೈಯಲ್ಲೇ ನನ್ನ ಭುಜ ತಟ್ಟಿ "ನಿಮ್ಮನ್ನ ನೋಡಿದ್ರೆ ನಮ್ಮ ಕಷ್ಟ ಎಲ್ಲ ಏನೂ ಅಲ್ಲ ಅನ್ಸತ್ತೆ" ಎನ್ನುತ್ತಾರೆ. ಅವರ ಮಗನ ಕಾಲೇಜ್ ಅಡ್ಮಿಷನ್ನಿನ ಚಿಂತೆ ಇಳಿಸಲೆಂದೇ ನಾನು ಅಟ್ಟದಿಂದ ಇಳಿದ ಹಾಗೆ. ನಾನು ಹಲ್ಲು ಕಿರಿಯುತ್ತೇನೆ. ಅದೂ ಹೇಸಿಗೆಯೇ.

ಯಾವುದಕ್ಕೆ ಹೆದರುತ್ತೇನೋ ಅದರ ಚರಿತ್ರೆ ಓದುವುದು ನನ್ನ ಚಾಳಿ. ಎಂಆರ್‌ಐಗೆ ಮುಂಚೆ ಅಯಸ್ಕಾಂತದ ಚರಿತ್ರೆ ಓದಿದ್ದೆ. ಈ ಸಲ ಲೈಬ್ರರಿಯಿಂದ ತಂದದ್ದು ಬೆನ್ನುಹುರಿಗೆ ಪೆಟ್ಟಾದವರ ಕ್ರೀಡೆ ಹೇಗೆ ಶುರುವಾಯಿತು ಎಂಬ ದಪ್ಪ ಪುಸ್ತಕ. ಹೆದ್ದಾರಿಯಲ್ಲಿ ಐದು ಗಂಟೆಯ ದಾರಿ. ಗಂಡ ಡ್ರೈವ್ ಮಾಡುತ್ತಿದ್ದರು, ನಾನು ಓದುತ್ತಾ, ಮಧ್ಯೆ ಮಧ್ಯೆ ಟೈರಿನ ಗಾಳಿಯ ಬಗ್ಗೆ, ಗ್ಯಾಸ್ ಒಲೆಯ ಬಗ್ಗೆ, ನಾನು ನಿಜವಾಗಿ ಎಷ್ಟು ಅಂಗವಿಕಲೆ ಎಂಬುದರ ಬಗ್ಗೆ ಚಿಂತಿಸುತ್ತಾ ಕುಳಿತಿದ್ದೆ.

ಪುಸ್ತಕದ ಮೊದಲ ಅಧ್ಯಾಯದಲ್ಲಿ ಕ್ರೀಡೆಯೇ ಇಲ್ಲ. ಇರುವುದು ಹುಣ್ಣು. ಎರಡನೇ ಮಹಾಯುದ್ಧಕ್ಕೆ ಮುಂಚೆ ಬೆನ್ನುಹುರಿ ತುಂಡಾದವರನ್ನು ವಾರ್ಡಿನ ಮೂಲೆಗೆ ಹಾಕುತ್ತಿದ್ದರಂತೆ. ಮಲಗಿದಲ್ಲೇ ಕೊಳೆತು, ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದರು. ಬಳಿಗೆ ಬರುವವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ಇಂಗ್ಲೆಂಡಿನ ಒಂದು ಆಸ್ಪತ್ರೆಗೆ, ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದ ಒಬ್ಬ ಯಹೂದಿ ವೈದ್ಯ ಬಂದ. ಗಾಯಾಳು ಸೈನಿಕರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕೆಂದು ಹಟ ಹಿಡಿದ. ಹುಣ್ಣು ಮಾಯಿತು. ಬದುಕಿ ಉಳಿದವರನ್ನು ಏನು ಮಾಡುವುದು? ಆಟ ಆಡಿಸಿದ. ಲಂಡನ್ನಿನಲ್ಲಿ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ ಆಸ್ಪತ್ರೆಯ ಹುಲ್ಲಿನ ಮೇಲೆ ಹದಿನಾರು ಮಂದಿ ಬಿಲ್ಲು ಹಿಡಿದು ಕುಳಿತರು. ಅವರಲ್ಲಿ ಇಬ್ಬರು ಹೆಂಗಸರು. ಕೆಲವು ವರ್ಷಕ್ಕೆ ಡಚ್ ಸೈನಿಕರು ಸಮುದ್ರ ದಾಟಿ ಬಂದು ಸೇರಿಕೊಂಡದ್ದೇ ತಡ, ಅದು ಅಂತಾರಾಷ್ಟ್ರೀಯವಾಯಿತು.

ದಾರಿಯಲ್ಲಿ ಕಲಮಜೂ ಊರು ದಾಟುವಾಗ ನನ್ನ ಮೂತ್ರದ ಚೀಲದ ನಳಿಕೆ ಸಡಿಲವಾಗಿ ಸೀಟು ಒದ್ದೆಯಾಯಿತು. ಗಂಡ ಕಿಟಕಿಯನ್ನು ಎರಡಿಂಚು ಇಳಿಸಿದರು. "ಸೆಕೆ ಅಲ್ವಾ?" ಎಂದರು. ಹೊರಗೆ ನಲವತ್ತು ಡಿಗ್ರಿ ಫ್ಯಾರನ್‌ಹೀಟು, ಮೈ ಕೊರೆಯುವ ಚಳಿ.

ವಿಕ್ಸಮ್‌ಗೆ ಹತ್ತಿರದ ಪ್ಲಿಮತ್‌ನಲ್ಲಿ ಉಳಿದುಕೊಂಡದ್ದು ನನ್ನ ಗಂಡನ ಸೋದರತ್ತೆಯ ಮಗಳ ಮನೆಯಲ್ಲಿ. ಅವಳ ಗಂಡ ಹುಬ್ಬಳ್ಳಿಯವರು, ಕಾರಿನ ಸೀಟು ತಯಾರಿಸುವ ಕಂಪನಿಯಲ್ಲಿ ಎಂಜಿನಿಯರು. ಅಪಘಾತದ ಪರೀಕ್ಷೆಗೆ ಬೊಂಬೆ ಕೂರಿಸಿ ಗೋಡೆಗೆ ಗುದ್ದಿಸುವುದು ಅವರ ಕೆಲಸ. ಊಟವಾದ ಮೇಲೆ ನನ್ನ ಗಂಡ ಮರುದಿನದ ಪರೀಕ್ಷೆಯ ವಿಷಯ ತೆಗೆದರು.

"ಅವ್ರು ಬಾಗು ಅಂತಾರೆ. ಇವ್ಳು ಬಾಗಿ ಎದ್ದುಬಿಟ್ರೆ ನಾಲ್ಕು. ಏಳ್ಬಾರ್ದು, ಅಷ್ಟೆ."

"ಅಷ್ಟ ಏನ್ರಿ? ಡಮ್ಮಿ ಹೆಂಗ ಬೀಳ್ತದ ನಾ ತೋರಸ್ತೇನಿ," ಎಂದು ಹುಬ್ಬಳ್ಳಿಯವರು ಸೋಫಾದ ತುದಿಗೆ ಬಂದು ಕುಳಿತರು. "ನೋಡ್ರಿ ವೈನಿ, ಕುತಿಗಿ ಮೊದಲ ಹೋಗಬಾರ್ದು. ಹೊಟ್ಟಿ ಮೊದಲ ಕುಸೀಬೇಕು. ಆಮ್ಯಾಲ ಎದಿ. ಕಡೀಕ ತಲಿ." ಹೇಳಿದವರೇ ಅಕ್ಕಿಮೂಟೆಯಂತೆ ಮಡಚಿಕೊಂಡು ಬಿದ್ದರು.

ಗಂಡ ಅಧಿಕಾರಿಯಾದರು. "ಮೇಡಂ, ಬಾಗಿ." ನಾನು ಬಿದ್ದೆ.

"ಭಾಳ ಛಲೋ! ಆದ್ರ ನಗಬ್ಯಾಡ್ರಿ, ಡಮ್ಮಿ ನಗೂದಿಲ್ಲ."

"ಎದ್ದೇಳಿ ಮೇಡಂ."

"ಆಗಲ್ಲ ಸಾರ್," ಎಂದೆ ಮೊಣಕಾಲುಗಳ ಮಧ್ಯದಿಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೇಳಲು ನಾಚಿಕೆಯಾದರೂ ಹೇಳುತ್ತೇನೆ: ಏಳು ವರ್ಷದಲ್ಲಿ ನನ್ನ ಬೆನ್ನಿನ ವಿಷಯ ಮಾತಾಡಿ ಮನೆಮಂದಿ ನಕ್ಕದ್ದು ಅದೇ ಮೊದಲು. ನನಗೆ ಖುಷಿಯಾಯಿತು. ಇನ್ನೂ ನಾಲ್ಕು ಸಲ ಬಿದ್ದು ತೋರಿಸಿದೆ.

ಮರುದಿನ ಬೆಳಿಗ್ಗೆ ವಿಕ್ಸಮ್‌ನ ಕೈಗಾರಿಕಾ ಪ್ರದೇಶದಲ್ಲಿ, ಎರಡು ಗೋದಾಮುಗಳ ನಡುವಿನ ಉದ್ದನೆಯ ಶೆಡ್ಡಿನಂಥ ಕ್ರೀಡಾಂಗಣಕ್ಕೆ ಹೋದೆವು. ಪರೀಕ್ಷೆಯ ಕೋಣೆಯಲ್ಲಿದ್ದವರು ಇಬ್ಬರು, ಒಬ್ಬ ನರೆಗೂದಲಿನ ವೈದ್ಯ, ಒಬ್ಬಳು ಫಿಸಿಯೋಥೆರಪಿಸ್ಟ್. ವರದಿಗಳು ಮೊದಲೇ ಬಂದಿವೆ, ಫೈಲು ಬೇಡ ಎಂದರು. ನನ್ನ ಗಂಡನ ಮುಖ ನೋಡಲಾಗಲಿಲ್ಲ.

ಕಾಗದ ಹಾಸಿದ ಮಂಚದ ಮೇಲೆ ನನ್ನನ್ನು ಮಲಗಿಸಿ ಪಿನ್ನಿನಿಂದ ಚುಚ್ಚಿದರು. ಚೂಪೋ, ಮೊಂಡೋ? ಹೊಟ್ಟೆಯೊಳಗೆ ಬೆರಳೂರಿ ಕೆಮ್ಮು ಎಂದರು. ಕಾಲನ್ನು ಎತ್ತಿ, ಬಿಟ್ಟು, ಅದು ಬೀಳುವುದನ್ನು ನೋಡಿದರು. ಮೈಸೂರಿನಲ್ಲಿ ನನ್ನನ್ನು ನೋಡಲು ಬಂದ ಮೊದಲ ಗಂಡಿನ ಕಡೆಯವರು ಸ್ವಲ್ಪ ನಡೆದು ತೋರಿಸಮ್ಮ ಎಂದಿದ್ದರು. ಇವರು ನಡೆಯಲಾಗದ್ದನ್ನು ತೋರಿಸು ಎನ್ನುತ್ತಿದ್ದರು. ಕೈಗಳು ಮಾತ್ರ ಬೆಚ್ಚಗಿದ್ದವು, ಮಾತು ಮೃದುವಾಗಿತ್ತು. ಒರಟಾಗಿದ್ದರೆ ಬೈದುಕೊಳ್ಳಲಾದರೂ ಬರುತ್ತಿತ್ತು.

ಕೊನೆಗೆ ಮಂಚದ ಅಂಚಿನಲ್ಲಿ ಕೂರಿಸಿದರು. "ಕೈ ಎದೆ ಮೇಲೆ ಕಟ್ಕೊಳ್ಳಿ. ಬಾಗಿ. ಈಗ ಏಳಿ."

ಹೊಟ್ಟೆ, ಎದೆ, ತಲೆ. ಹುಬ್ಬಳ್ಳಿಯ ಕ್ರಮದಲ್ಲೇ ಕುಸಿದೆ. ಮೂಗು ಮೊಣಕಾಲಿಗೆ ತಗುಲಿತು. ನಿನ್ನೆಯ ಪ್ಯಾಂಟಿನ ವಾಸನೆ ಇವತ್ತಿನದರಲ್ಲೂ ಇದೆಯೇನೋ ಎಂಬ ಅನುಮಾನ ಅಲ್ಲಿಯೂ ಬಂತು.

"ಪ್ರಯತ್ನ ಮಾಡಿ," ಎಂದಳು ಆಕೆ.

ಆಗ ನಾನು ಭುಜಗಳನ್ನು ಸಣ್ಣಗೆ ನಡುಗಿಸಿದೆ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅದು ನನ್ನದೇ ಸೃಷ್ಟಿ.

ಆಕೆ ಓಡಿಬಂದು ನನ್ನನ್ನು ಎತ್ತಿ ಕೂರಿಸಿದಳು. "ಸಾಕು, ಸಾಕು. ನೋವಾಯ್ತಾ?" ಮೂರು ಎಂದು ಬರೆದುಕೊಂಡರು. ಆದರೆ ಸದ್ಯಕ್ಕೆ ಮಾತ್ರ. ಆಡುವಾಗಲೂ ಗಮನಿಸಿ ಖಾಯಂ ಮಾಡುತ್ತೇವೆ ಎಂದರು.

ಹೊರಗೆ ಕಾಯುತ್ತಿದ್ದ ಜೊತೆಗಾರ್ತಿ ಬ್ಯಾಂಡೇಜು ಕಟ್ಟಿದ ಕೈಯಿಂದಲೇ ನನ್ನ ಬೆನ್ನಿಗೆ ಗುದ್ದಿದಳು. ಎರಡು ವರ್ಷ ನನ್ನ ಪಕ್ಕದಲ್ಲಿ ಆಡಿದವಳು. ನಾನು ಬಾಗಿ ಏಳುವುದನ್ನು ಕಂಡಿಲ್ಲವೆನ್ನಲಾರಳು. ಹೇಗೆ ಮೂರಾಯಿತು ಎಂದು ಕೇಳಲಿಲ್ಲ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ನಮ್ಮ ಮನೆಯ ವ್ರತ ಪೋಲೆಂಡಿನಲ್ಲೂ ಇದ್ದಂತಿತ್ತು.

ಮಧ್ಯಾಹ್ನ ಸಿಂಗಲ್ಸ್. ನನ್ನ ಎದುರಾಳಿ ಡೆಟ್ರಾಯಿಟ್ ಕಡೆಯ ಶಾಲಾ ಟೀಚರು, ನನ್ನಷ್ಟೇ ವಯಸ್ಸು, ಬಹಳ ವರ್ಷಗಳಿಂದ ಮೂರು. ಬದಿಯ ಕುರ್ಚಿಯಲ್ಲಿ ಬೆಳಗಿನ ಪರೀಕ್ಷಕಿ ಹಲಗೆ ಹಿಡಿದು ಕುಳಿತಿದ್ದಳು. ನಾನು ಬೆನ್ನನ್ನು ಕುರ್ಚಿಗೆ ಅಂಟಿಸಿಕೊಂಡು ಆಡಿದೆ. ಗೆಲ್ಲುವ ದಾರಿಯೂ ಗೊತ್ತಿತ್ತು: ಚೆಂಡನ್ನು ನೆಟ್ಟಿನ ಪಕ್ಕಕ್ಕೇ ಮೆಲ್ಲಗೆ ಹಾಕುವುದು. ಮೂರನೇ ವರ್ಗದವರಿಗೆ ಅಲ್ಲಿಗೆ ಕೈ ಹೋಗುವುದು ಕಷ್ಟ, ಹೋದರೆ ಬರುವುದು ಇನ್ನೂ ಕಷ್ಟ.

ಹಾಕಿದೆ. ಆಕೆ ಚಾಚಿದಳು, ಮುಗ್ಗರಿಸಿ ಮೇಜಿನ ಮೇಲೆ ಎದೆ ಬಡಿದು ಬಿದ್ದಳು. "ಸಾರಿ, ನನ್ನ ಹೊಟ್ಟೆಗೆ ನನ್ನ ಮಾತು ಕೇಳ್ಸಲ್ಲ," ಎಂದು ನಕ್ಕಳು. ಮೊದಲು ಮೊಣಕೈ, ಆಮೇಲೆ ಅಂಗೈ, ಆಮೇಲೆ ನಿಧಾನಕ್ಕೆ ಇಡೀ ಮೈಯನ್ನು ಹಿಂದಕ್ಕೆ ತಳ್ಳಿಕೊಂಡಳು. ಮತ್ತೆ ಹಾಕಿದೆ, ಮತ್ತೆ ಬಿದ್ದಳು. ಮೊದಲ ಗೇಮು ನನ್ನದಾಯಿತು. ಎರಡನೆಯದರಲ್ಲಿ ಆಕೆಯ ಗಲ್ಲ ಮೇಜಿಗೆ ತಾಗಿ ಅಲ್ಲೊಂದು ಒದ್ದೆ ಗುರುತು ಉಳಿಯಿತು. ಟವೆಲಿನಿಂದ ಒರೆಸಿ ಮತ್ತೆ ಕೈ ಊರಿ ಎದ್ದಳು.

ಅವಳ ಭುಜ ನಡುಗಲಿಲ್ಲ. ಎಷ್ಟು ಸಲ ನೋಡಿದರೂ ನಡುಗಲಿಲ್ಲ. ನಿಜವಾಗಿ ಏಳಲಾಗದವರು ನಡುಗುವುದಿಲ್ಲ, ಕೈ ಊರಿ ಏಳುತ್ತಾರೆ, ಅಷ್ಟೇ. ಆ ನಡುಕವನ್ನು ನಾನು ಎಲ್ಲಿಂದ ತಂದೆ? ಚಿತ್ರಾನ್ನದ ಕೈಯವರು ನನ್ನಲ್ಲಿ ಕಾಣಲು ಬಯಸುವ ನಡುಕ ಅದು. ಆಸ್ಪತ್ರೆಯ ಹುಲ್ಲಿನ ಮೇಲೆ ಕುಳಿತಿದ್ದ ಆ ಹದಿನಾರು ಮಂದಿ ತಮ್ಮಲ್ಲಿ ಇದ್ದದ್ದಕ್ಕಿಂತ ಒಂದು ಗೇಣು ಹೆಚ್ಚು ತೋರಿಸಲು ಬಿಲ್ಲು ಎಳೆದಿದ್ದರು. ತಮ್ಮನ್ನು ಮಗ್ಗುಲು ಹೊರಳಿಸಿದ ವೈದ್ಯನೆದುರು ಬೆನ್ನಿನ ಬಗ್ಗೆ ಸುಳ್ಳು ಹೇಳಲು ಅವರಿಗೆ ಆಗುತ್ತಲೂ ಇರಲಿಲ್ಲ. ನಾನು ಸುಮಾರು ಮುನ್ನೂರು ಮೈಲಿ ಬಂದದ್ದು ಕಡಿಮೆ ತೋರಿಸಲು.

ಅಷ್ಟರಲ್ಲಿ ಆಕೆಯೂ ಚೆಂಡನ್ನು ನೆಟ್ಟಿನ ಪಕ್ಕಕ್ಕೆ ಹಾಕಿದಳು. ನಾನು ಬಾಗಿ ಹೊಡೆದು ಎದ್ದು ಕುಳಿತೆ. ಪ್ರಾಮಾಣಿಕತೆ ಎಂದು ತಿಳಿಯಬೇಡಿ, ಪಾಯಿಂಟಿನ ಆಸೆ. ಪರೀಕ್ಷಕಿ ಆಗ ನೀರು ಕುಡಿಯುತ್ತಿದ್ದಳು. ಎದುರಾಳಿ ನನ್ನನ್ನೇ ನೋಡಿದಳು, ಆಮೇಲೆ ಮುಂದಿನ ಸರ್ವಿಗೆ ಚೆಂಡು ಎತ್ತಿಕೊಂಡಳು. ಬೇರೆ ಯಾರೂ ನೋಡಿರಲಿಲ್ಲ. ಬೆನ್ನನ್ನು ಮತ್ತೆ ಕುರ್ಚಿಗೆ ಅಂಟಿಸಿದ್ದರೆ ನನ್ನ ಮೂರು ಮೂರಾಗಿಯೇ ಉಳಿಯುತ್ತಿತ್ತು.

ಎರಡನೆಯ ಗೇಮು ಮುಗಿಯುತ್ತಲೇ ಕುರ್ಚಿ ಉರುಳಿಸಿಕೊಂಡು ಪರೀಕ್ಷಕಿಯ ಮುಂದೆ ಹೋಗಿ ನಿಲ್ಲಿಸಿದೆ. ಎರಡೂ ಕೈ ಮೇಲೆತ್ತಿ, ಬಾಗಿ, ಎದ್ದೆ.

"ಇನ್ನೊಂದ್ಸಲ," ಎಂದಳು. ಆಶ್ಚರ್ಯವೇನೂ ಪಡಲಿಲ್ಲ.

ಮತ್ತೆ ಮಾಡಿದೆ. ಬರೆದುಕೊಂಡಳು. "ಥ್ಯಾಂಕ್ಸ್. ಹೇಗೂ ನಾಳೆಯೊಳಗೆ ನಮಗೇ ಗೊತ್ತಾಗ್ತಿತ್ತು." ನಿಜ ಹೇಳಿದ ಪುಣ್ಯವೂ ಪೂರ್ತಿ ಸಿಗಲಿಲ್ಲ.

ಪಂದ್ಯ ನಿಂತಿತು. ನಾನು ನಾಲ್ಕು. ಜೊತೆಗಾರ್ತಿ ಪಕ್ಕಕ್ಕೆ ಬಂದಳು.

"ಸುಳ್ಳು ಹೇಳಿದ್ದೆ," ಎಂದೆ.

"ನಾನು ಕೇಳಿದ್ನಾ? ಎರಡು ವರ್ಷದಲ್ಲಿ ಒಂದ್ಸಲ ಕೇಳಿದ್ನಾ?" ಅವಳ ಕತ್ತು ಕೆಂಪಾಗಿತ್ತು. "ಇವತ್ತೇ ಒಳ್ಳೆಯವಳಾಗ್ಬೇಕಿತ್ತಾ ನೀನು?" ಆಮೇಲೆ ಆಚೆ ರ‍್ಯಾಕೆಟ್ ಒರೆಸುತ್ತಿದ್ದ ಟೀಚರಮ್ಮನತ್ತ ಗದ್ದ ತೋರಿಸಿದಳು. "ಅವಳು ನಿಜವಾದ ಮೂರೇ ತಾನೆ?"

"ನಿಜವಾದ ಮೂರು."

"ಬ್ಯಾಕ್‌ಹ್ಯಾಂಡ್?"

"ವೀಕು."

"ಅದನ್ನ ನಾನು ನೋಡ್ಕೋತೀನಿ. ಬಾ, ಪರಿಚಯ ಮಾಡ್ಸು. ಅಷ್ಟಾದ್ರೂ ಮಾಡು."

ಹೋದೆ. "ಇವಳು ಎರಡು. ಡಬಲ್ಸ್‌ಗೆ ಜೊತೆ ಹುಡುಕ್ತಿದಾಳೆ," ಎಂದೆ. "ನಾನು ನಾಲ್ಕು. ಆ ಮೊದಲನೇ ಗೇಮು ನನ್ನದಲ್ಲ, ನಿಮ್ಮದು."

ಟೀಚರಮ್ಮ ಗಲ್ಲದ ಮೇಲಿನ ಕೆಂಪು ಬರೆಯನ್ನು ಉಜ್ಜಿಕೊಳ್ಳುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನನಗೆ ಬೇಡ," ಎಂದಳು. "ನೀವೇ ಇಟ್ಕೊಳ್ಳಿ." ಆಮೇಲೆ ನನ್ನ ಜೊತೆಗಾರ್ತಿಯ ಕಡೆ ಕುರ್ಚಿ ತಿರುಗಿಸಿ, ಆ ಬ್ಯಾಂಡೇಜನ್ನು ಯಾರು ಕಟ್ಟಿಕೊಡುತ್ತಾರೆ ಎಂದು ಕೇಳತೊಡಗಿದಳು.