ಆಮೆನ್ ಹೇಳುವವರಿಲ್ಲದ ಮನೆ

ಶನಿವಾರ, ಬೆಳಿಗ್ಗೆ ಐದೂವರೆ. ಹಾಜರಿದ್ದವಳು ನಾನೊಬ್ಬಳೇ.

ಚಾಪೆ ಹಾಸಿ ಮೊಣಕಾಲೂರಿದೆ. ಮಿಷನ್ ಹಾಸ್ಟೆಲ್ಲಿನ ಗಂಟೆಗೆ ಏಳುತ್ತ ಬೆಳೆದವಳು, ಆಮೇಲೆ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವಳು; ಈ ಹೊತ್ತು ನನಗೆ ತಪ್ಪುವುದಿಲ್ಲ. ವಾರದಿಂದ ಬೇಡಿಕೆ ಒಂದೇ: "ಕರ್ತನೇ, ನಿನ್ನ ಚಿತ್ತವಾದರೆ ನನ್ನನ್ನು ಧಾರವಾಡಕ್ಕೆ ಕಳುಹಿಸು." ಅಲ್ಲಿ ನನ್ನ ತಂಗಿ ಇದ್ದಾಳೆ. ನನ್ನ ಗಂಡ ತೀರಿಹೋದಂದಿನಿಂದ, ಮಾಂಬಲದ ಈ ಫ್ಲ್ಯಾಟ್ ಬಿಟ್ಟು ತನ್ನ ಮನೆಗೆ ಬಂದಿರು ಎಂದು ಕರೆಯುತ್ತಲೇ ಇದ್ದಾಳೆ. ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಅರ್ಧ ತುಂಬಿದ್ದೂ ಆಗಿತ್ತು.

ಪ್ರಾರ್ಥನೆ ಮುಗಿಸಿ ಕಾದೆ. ಕಾಯುವುದಕ್ಕೆ ಕಾರಣವಿದೆ. ನಮ್ಮ ತಂದೆಯ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಮದುವೆ, ನೌಕರಿ, ಮನೆ ಬದಲಾಯಿಸುವುದು, ಏನೇ ಇರಲಿ, ಒಬ್ಬರು ಪ್ರಾರ್ಥಿಸಬೇಕು, ಆಮೆನ್ ಮಾತ್ರ ಉಳಿದವರು ಹೇಳಬೇಕು. ಒಪ್ಪಿಗೆ ಇಲ್ಲದವರು ಸುಮ್ಮನಿರುತ್ತಿದ್ದರು. ಒಬ್ಬರು ಸುಮ್ಮನಾದರೂ ಆ ವಿಷಯ ಅಲ್ಲಿಗೆ ನಿಲ್ಲುತ್ತಿತ್ತು, ವಾದವಿಲ್ಲ. ಮದುವೆಯಾದ ಮೇಲೆ ನನ್ನ ಗಂಡನೂ ಇದಕ್ಕೆ ಹೊಂದಿಕೊಂಡರು. ಕುವೈತಿನ ಆಸ್ಪತ್ರೆಯಿಂದ ನನಗೆ ಕರೆ ಬಂದಾಗ ಇದೇ ಚಾಪೆಯ ಮೇಲೆ ಪ್ರಾರ್ಥಿಸಿದೆ. ಅವರು ಬಾಯಿ ಬಿಡಲಿಲ್ಲ. ನಾನು ಹೋಗಲಿಲ್ಲ.

ಈ ಬೆಳಿಗ್ಗೆಯೂ ಆಮೆನ್ ಬರಲಿಲ್ಲ. ಸ್ಟೇಷನ್ ಕಡೆಯಿಂದ ಲೋಕಲ್ ರೈಲಿನ ಸದ್ದು ಬಂತು, ಹೋಯಿತು. ಚಾಪೆ ಸುತ್ತಿಟ್ಟೆ.

ತಿಂಡಿ ಮುಗಿಯುವಷ್ಟರಲ್ಲಿ ತಂಗಿಯ ಫೋನು.

"ಅಕ್ಕಾ, ಇವತ್ತರ ಹೇಳತೀಯೋ ಇಲ್ಲೋ? ಬಾಡಿಗಿಗೆ ಖೋಲಿ ಕೇಳಿದ್ಲಲ್ಲ, ಆ ಕಾಲೇಜ್ ಹುಡುಗಿ ಸಂಜಿಗೆ ಬರತಾಳ. ಖೋಲಿ ನಿನಗೋ, ಅಕಿಗೋ?"

"ಅಕಿಗೇ ಕೊಡು. ದೇವರಿಗೆ ಮನಸ್ಸಿಲ್ಲ ಅಂತ ಕಾಣಸ್ತದ. ವಾರಾತು, ಆಮೆನ್ ಬಂದಿಲ್ಲ."

"ಯಾರ ಆಮೆನ್?"

ಸುತ್ತಿಟ್ಟ ಚಾಪೆಯ ಕಡೆ ನೋಡಿದೆ.

"ಅಲ್ಲವಾ, ಆ ಮನ್ಯಾಗ ಆಮೆನ್ ಅನ್ನಾಕ ಯಾರದಾರ? ಫ್ಯಾನ್ ಅಂತದೇನು? ಭಾವ ಸುಮ್ಮನದಾರ ಅಂತ ಕುಂತೀಯಲ್ಲ, ಅವರು ಮಣ್ಣಾಗ ಮಲಗ್ಯಾರ!"

ರಿಸೀವರನ್ನು ಬಲಗಿವಿಯಿಂದ ಎಡಗಿವಿಗೆ ಬದಲಾಯಿಸಿದೆ. ಅವಳು ಹೇಳಿದ್ದು ನಿಜ. ಖಾಲಿ ಕೋಣೆಯ ಸುಮ್ಮನಿರುವಿಕೆಯನ್ನು ಇಡೀ ವಾರ ನನ್ನ ಗಂಡನ 'ಬೇಡ' ಎಂದುಕೊಂಡಿದ್ದೆ. ಅವರು ಇನ್ನೂ ಪಕ್ಕದಲ್ಲೇ ಮೊಣಕಾಲೂರಿ ಕೂತಿದ್ದಾರೆ ಎಂಬಂತೆ.

"ಹಂಗಾರ ನೀ ಅನ್ನು," ಎಂದೆ. "ಈಗೇ ಪ್ರಾರ್ಥನಾ ಮಾಡತೀನಿ."

"ಆಮೆನ್!"

"ಇನ್ನೂ ಶುರು ಮಾಡಿಲ್ಲ. ಮೊದಲ ಅಂದ್ರ ಲೆಕ್ಕಕ್ಕಿಲ್ಲ."

"ಆತು ಮೇಡಂ."

ಫೋನ್ ಹಿಡಿದೇ ಮತ್ತೆ ಮೊಣಕಾಲೂರಿದೆ. ಈ ಮನೆಗಾಗಿ, ಅದರ ಎರಡು ಕಿಟಕಿಗಳಿಗಾಗಿ, ಅವರು ಕೂರುತ್ತಿದ್ದ ಕುರ್ಚಿಗಾಗಿ, ಭಾನುವಾರ ಆರಾಧನೆ ಮುಗಿಸಿ ಅವರ ಸಮಾಧಿಗೆ ನಡೆದುಹೋಗುವ ದಾರಿಗಾಗಿ ಸ್ತೋತ್ರ ಮಾಡಿದೆ. ಇದೆಲ್ಲವನ್ನೂ ಬಿಟ್ಟು ಹೊರಡುವ ಶಕ್ತಿ ಕೊಡು ಎಂದು ಬೇಡಿಕೊಂಡೆ. ಮುಗಿಸಿ ಕಾದೆ.

ಧಾರವಾಡದಲ್ಲಿ ಅವಳ ಗೋಡೆ ಗಡಿಯಾರದ ಸದ್ದು ಕೇಳುತ್ತಿತ್ತು. ಅವಳ ಉಸಿರೂ ಕೇಳುತ್ತಿತ್ತು. ಆಮೆನ್ ಇಲ್ಲ.

"ಯಾಕ ಸುಮ್ಮನಾದಿ?"

"ನೀ ಅಳಕೋತ ಬೇಡಿದಿ, ಅಕ್ಕಾ. ನಿನಗ ಗೊತ್ತಾಗಲಿಲ್ಲೇನು?"

ಕೆನ್ನೆ ಮುಟ್ಟಿಕೊಂಡೆ. ಒದ್ದೆಯಾಗಿತ್ತು.

"ನೀ ಬಂದ್ರ ನನಗ ಹಬ್ಬ. ಆದ್ರೂ ನನ್ನ ಬಾಯಾಗ ಆಮೆನ್ ಬರವಲ್ದು," ಎಂದಳು. ಮತ್ತೆ, "ಖೋಲಿ ಆ ಹುಡುಗಿಗೆ ಕೊಡತೀನಿ. ಕ್ರಿಸ್ಮಸ್ಸಿಗರ ಬಾ. ನನ್ನ ಹಾಸಿಗ್ಯಾಗ ಮಲಗೀಯಂತ."

ಈ ಸಲ ಸುಮ್ಮನಿದ್ದವಳು ಬದುಕಿರುವವಳು. ಅದನ್ನು ಮೀರುವಂತಿರಲಿಲ್ಲ. ಫೋನ್ ಇಟ್ಟ ಮೇಲೆ ಮನೆ ಮೊದಲಿನಷ್ಟೇ ಖಾಲಿಯಿತ್ತು. ಇನ್ನು ಇಲ್ಲೇ ಇರಬೇಕು ಎಂಬುದಷ್ಟೇ ಹೊಸದು.

ಪೆಟ್ಟಿಗೆಯಿಂದ ಬಟ್ಟೆ ತೆಗೆದು ಕಪಾಟಿನಲ್ಲಿ ಮೊದಲಿದ್ದ ಹಾಗೆಯೇ ಜೋಡಿಸಿದೆ. ಸಂಜೆ ಪಾತ್ರೆ ತೊಳೆಯಲು ಬಂದವಳು ಖಾಲಿ ಪೆಟ್ಟಿಗೆಯನ್ನು ನೋಡಿ, ಹೋಗಲಿಲ್ಲವೇ ಎಂದು ತಮಿಳಿನಲ್ಲಿ ಕೇಳಿದಳು.

"ಪೋಗಲಿಯಾಮ್ಮಾ?"

"ಪೋಗಲೆ," ಎಂದೆ.

ಅವಳು ಸ್ಟೂಲ್ ಹತ್ತಿದಳು, ನಾನು ಕೆಳಗಿನಿಂದ ಎತ್ತಿಕೊಟ್ಟೆ. ಪೆಟ್ಟಿಗೆ ಮತ್ತೆ ಅಟ್ಟ ಸೇರಿತು. ಅವಳು ಹೋದ ಮೇಲೆ ಮರುದಿನದ ಆರಾಧನೆಗೆ ಬಿಳಿ ಸೀರೆಯನ್ನು ಇಸ್ತ್ರಿ ಮಾಡಿ, ಮಡಿಸಿ, ಅವರ ಕುರ್ಚಿಯ ಬೆನ್ನಿಗೆ ಹಾಕಿದೆ.